ಆಂಗೊವಿಲ್ ದೇವಾಲಯದ ಬೆಂಚುಗಳು: ಜೂನ್ 6ರ ಸ್ಮರಣೆ



ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತ್ಯದಲ್ಲಿ ಆಂಗೊವಿಲ್ ಎಂಬ ಪುಟ್ಟ ಊರಿದೆ. ಊರೆಂದರೆ ಕೆಲವೇ ಮನೆಗಳು, ಸುತ್ತ ಹೊಲಗಳು, ನಡುವೆ ಒಂದು ಹಳೆಯ ಕಲ್ಲಿನ ದೇವಾಲಯ. ಆ ದೇವಾಲಯದ ಮರದ ಬೆಂಚುಗಳ ಮೇಲೆ ಇಂದಿಗೂ ಕಪ್ಪಾದ ಕಲೆಗಳಿವೆ. ಅವು 1944ರ ಜೂನ್ ತಿಂಗಳಲ್ಲಿ ಅಲ್ಲಿ ಮಲಗಿದ್ದ ಗಾಯಾಳುಗಳ ರಕ್ತದ ಕಲೆಗಳು. ಆ ಊರಿನವರು ಅವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.

ಜೂನ್ ನಮಗೆ ಯೇಸುವಿನ ತಿರುಹೃದಯದ ತಿಂಗಳು. ನಾರ್ಮಂಡಿಯವರಿಗೆ ಅದು ಸ್ಮರಣೆಯ ತಿಂಗಳೂ ಹೌದು. ಪ್ರತಿವರ್ಷ ಜೂನ್ 6ರಂದು ಅಲ್ಲಿನ ಕಡಲತೀರದಲ್ಲಿ ಬಾವುಟಗಳು ಏರುತ್ತವೆ, ಸಮಾಧಿಗಳಿಗೆ ಹೂವು ಇಡುತ್ತಾರೆ, ಹತ್ತು ವರ್ಷಕ್ಕೊಮ್ಮೆ ದೇಶವಿದೇಶಗಳ ನಾಯಕರು ಸೇರುತ್ತಾರೆ. ಪತ್ರಿಕೆಗಳು ಇದನ್ನು 'ಡಿ-ಡೇ' ಎಂದು ಬರೆಯುತ್ತವೆ. ಆ 'ಡಿ' ಅಕ್ಷರದಲ್ಲಿ ಯಾವ ಗುಟ್ಟೂ ಇಲ್ಲ. ಸೇನೆಯ ಮಾತಿನಲ್ಲಿ ಕಾರ್ಯಾಚರಣೆ ಆರಂಭವಾಗುವ ದಿನ ಎಂದಷ್ಟೇ ಅರ್ಥ. ಆದರೆ ಆ ದಿನ ಸ್ಮರಿಸಬೇಕಾದ್ದು ಯಾರನ್ನು? ಗೆದ್ದವರನ್ನೇ, ಸತ್ತವರನ್ನೇ? ಸತ್ತವರಲ್ಲಿ ಯಾರು ಯಾರನ್ನು? ಈ ಪ್ರಶ್ನೆಗೆ ಉತ್ತರ ಹುಡುಕಲು ಅಲ್ಲಿನವರಿಗೆ ಬಹಳ ವರ್ಷಗಳೇ ಬೇಕಾದವು.

ನಡೆದದ್ದು ಇಷ್ಟು. 1940ರಿಂದ ಫ್ರಾನ್ಸ್ ಹಿಟ್ಲರನ ಜರ್ಮನಿಯ ವಶದಲ್ಲಿತ್ತು. ಅದನ್ನು ಬಿಡಿಸಲು ಅಮೆರಿಕ, ಬ್ರಿಟನ್, ಕೆನಡಾ ಮೊದಲಾದ ಮಿತ್ರರಾಷ್ಟ್ರಗಳ ಸೇನೆ ಇಂಗ್ಲೆಂಡಿನಿಂದ ಕಡಲು ದಾಟಿ ನಾರ್ಮಂಡಿಗೆ ಬಂತು. ಜೂನ್ 5ಕ್ಕೆ ಗೊತ್ತಾಗಿದ್ದ ದಾಳಿಯನ್ನು ಕೆಟ್ಟ ಹವೆಯಿಂದಾಗಿ ಒಂದು ದಿನ ಮುಂದಕ್ಕೆ ಹಾಕಿದರು. 6ರ ನಡುರಾತ್ರಿ ಕಳೆಯುತ್ತಲೇ ಪ್ಯಾರಾಚೂಟ್ ಸೈನಿಕರು ಕತ್ತಲಲ್ಲಿ ಇಳಿದರು. ಬೆಳಗಾದ ಮೇಲೆ ಐದು ಕಡಲತೀರಗಳಲ್ಲಿ ದೋಣಿಗಳು ದಡ ಮುಟ್ಟಿದವು. ಒಂದೇ ದಿನದಲ್ಲಿ ಸುಮಾರು 1,56,000 ಸೈನಿಕರು ಇಳಿದರು. ಮಿತ್ರಸೇನೆಯ ಕಡೆ ಆ ದಿನ ಮಡಿದವರೆಂದು ಹೆಸರು ಸಮೇತ ಖಚಿತವಾಗಿರುವವರೇ 4,414 ಮಂದಿ. ಸೇನಾಪತಿ ಐಸೆನ್‌ಹೋವರ್ ಅವರು ದಾಳಿ ಸೋತರೆ ಪ್ರಕಟಿಸಲೆಂದು ಮೊದಲೇ ಒಂದು ಚೀಟಿ ಬರೆದಿಟ್ಟಿದ್ದರು: ತಪ್ಪೇನಿದ್ದರೂ ಅದು ತಮ್ಮೊಬ್ಬರದೇ ಎಂದು. ಅದರ ಮೇಲೆ ಜೂನ್ 5 ಎನ್ನುವ ಬದಲು ಜುಲೈ 5 ಎಂದು ತಾರೀಖು ಹಾಕಿದ್ದರು. ಅವರ ಮನಸ್ಸು ಎಷ್ಟು ಭಾರವಾಗಿತ್ತೆಂದು ಊಹಿಸಬಹುದು.

ಈಗ ಆಂಗೊವಿಲ್‌ಗೆ ಬರೋಣ. ಕತ್ತಲಲ್ಲಿ ಇಳಿದವರ ಪೈಕಿ ರಾಬರ್ಟ್ ರೈಟ್, ಕೆನೆತ್ ಮೂರ್ ಎಂಬ ಇಪ್ಪತ್ತರ ಹರೆಯದ ಇಬ್ಬರು ಯುವಕರಿದ್ದರು. ಅವರು ಡಾಕ್ಟರುಗಳಲ್ಲ, ಪ್ರಥಮ ಚಿಕಿತ್ಸೆ ಕಲಿತ ಸಹಾಯಕರು, ಅಷ್ಟೇ. ಆ ದೇವಾಲಯದ ಬಾಗಿಲಿಗೆ ರೆಡ್‌ಕ್ರಾಸ್ ಗುರುತು ಕಟ್ಟಿ, ಬೆಂಚುಗಳನ್ನೇ ಮಂಚ ಮಾಡಿಕೊಂಡು ಗಾಯಾಳುಗಳನ್ನು ನೋಡತೊಡಗಿದರು. ಊರು ಅಮೆರಿಕನ್ನರ ಕೈಯಿಂದ ಜರ್ಮನರ ಕೈಗೆ, ಮತ್ತೆ ಅಮೆರಿಕನ್ನರ ಕೈಗೆ ಹೋಗಿಬರುತ್ತಿತ್ತು. ತಮ್ಮವರು ಹಿಂದೆ ಸರಿದಾಗಲೂ ಇವರಿಬ್ಬರು ಗಾಯಾಳುಗಳನ್ನು ಬಿಟ್ಟು ಹೋಗಲಿಲ್ಲ. ಜರ್ಮನ್ ಅಧಿಕಾರಿಯೊಬ್ಬ ಒಳಗೆ ಬಂದು ನೋಡಿದ. ತನ್ನ ಕಡೆಯವರೂ ಅಲ್ಲೇ ಆರೈಕೆ ಪಡೆಯುತ್ತಿರುವುದನ್ನು ಕಂಡು ಸುಮ್ಮನೆ ಹೊರಟುಹೋದ. ಛಾವಣಿ ತೂರಿಕೊಂಡು ಒಂದು ಗುಂಡು ಒಳಕ್ಕೆ ಬಿತ್ತು, ಆದರೆ ಸಿಡಿಯಲಿಲ್ಲ. ಅದು ಬಿದ್ದಲ್ಲಿ ನೆಲದ ಕಲ್ಲು ಇಂದಿಗೂ ಬಿರುಕು ಬಿಟ್ಟಿದೆ. ಹೀಗೆ ಮೂರು ದಿನ. ಎರಡೂ ಕಡೆಯ ಸೈನಿಕರು, ಊರಿನ ಒಂದು ಮಗು, ಎಲ್ಲ ಸೇರಿ ಸುಮಾರು 80 ಮಂದಿ ಅಲ್ಲಿ ಆರೈಕೆ ಪಡೆದರು. ಬಹುತೇಕರು ಬದುಕಿದರು.

ಆ ದೇವಾಲಯದ ಪಾಲಕರು ಯಾರು ಗೊತ್ತೇ? ಸಂತ ಕೊಸ್ಮಾಸ್ ಮತ್ತು ಸಂತ ದಮಿಯಾನ್. ಬಲಿಪೂಜೆಯಲ್ಲಿ ಮೊದಲನೆಯ ಪರಮಪ್ರಸಾದ ಪ್ರಾರ್ಥನೆಯನ್ನು ಪೂರ್ತಿ ಹೇಳುವಾಗ ಈ ಎರಡು ಹೆಸರುಗಳು ನಮ್ಮ ಕಿವಿಗೂ ಬೀಳುತ್ತವೆ. ರೋಗಿಗಳಿಂದ ಕಾಸು ಮುಟ್ಟದ ವೈದ್ಯರೆಂದು ಸಂಪ್ರದಾಯ ಅವರನ್ನು ಕೊಂಡಾಡುತ್ತದೆ. ವೈದ್ಯರ ಪಾಲಕರಾದ ಆ ಸೋದರರ ದೇವಾಲಯದಲ್ಲೇ ಈ ಇಬ್ಬರು ಹುಡುಗರು ವೈದ್ಯರಾದರು.

ಅದೇ ರೆಜಿಮೆಂಟಿನ ಗುರುಗಳು ಕಥೋಲಿಕ ಸ್ವಾಮಿ ಫ್ರಾನ್ಸಿಸ್ ಸ್ಯಾಂಪ್ಸನ್. ಪ್ಯಾರಾಚೂಟಿನಲ್ಲಿ ಇಳಿದವರು ನೀರಿನಲ್ಲಿ ಬಿದ್ದರು. ಹಲವು ಬಾರಿ ಮುಳುಗಿ ಹುಡುಕಿ ತಮ್ಮ ಪೂಜಾ ಸಾಮಗ್ರಿಯ ಪೆಟ್ಟಿಗೆಯನ್ನು ಮೇಲೆತ್ತಿದರು. ಗಾಯಾಳುಗಳ ಜೊತೆಗೇ ಉಳಿದು ಜರ್ಮನರ ಕೈಗೆ ಸಿಕ್ಕಿದರು. ಗುಂಡಿಕ್ಕಲು ನಿಲ್ಲಿಸಿದಾಗ ಪಶ್ಚಾತ್ತಾಪದ ಪ್ರಾರ್ಥನೆ ಹೇಳಬೇಕೆಂದುಕೊಂಡರೂ ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಊಟದ ಮೊದಲಿನ ಪ್ರಾರ್ಥನೆ! ಇದನ್ನು ಅವರೇ ಬರೆದುಕೊಂಡಿದ್ದಾರೆ. ಅಷ್ಟರಲ್ಲಿ ಜರ್ಮನ್ ಸೈನಿಕನೊಬ್ಬ ಓಡಿಬಂದು ಅವರನ್ನು ಬಿಡಿಸಿದ. ತಾನೂ ಕಥೋಲಿಕನೆಂದು ಅಂಗಿಯೊಳಗಿದ್ದ ಪವಿತ್ರ ಪದಕವನ್ನು ತೋರಿಸಿದ.

ಸೈನಿಕರ ಮಾತಾಯಿತು. ಊರಿನ ಜನರ ಗತಿ? ಜರ್ಮನ್ ಸೇನೆಗೆ ನೆರವು ಬಾರದಂತೆ ರಸ್ತೆಗಳನ್ನು ತಡೆಯಲು ಮಿತ್ರಸೇನೆ ನಾರ್ಮಂಡಿಯ ಊರುಗಳ ಮೇಲೆ ಬಾಂಬು ಹಾಕಿತು. ಆ ಬೇಸಿಗೆಯಲ್ಲಿ ಸುಮಾರು 20,000 ನಾಗರಿಕರು ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಸತ್ತದ್ದು ತಮ್ಮನ್ನು ಬಿಡಿಸಲು ಬಂದವರ ಬಾಂಬುಗಳಿಂದಲೇ. ಹಾಗೆ ಬಾಂಬು ಬಿದ್ದ ಊರುಗಳಲ್ಲಿ ಲಿಸಿಯು ಒಂದು. ಹೌದು, ನಮ್ಮ ಮನೆಗಳ ಗೋಡೆಯ ಮೇಲೆ ಗುಲಾಬಿ ಹಿಡಿದು ನಿಂತಿರುವ ಕಿರುಪುಷ್ಪ ತೆರೇಸಮ್ಮನವರ ಲಿಸಿಯು. ಜಗದ್ಗುರು ಹನ್ನೆರಡನೇ ಭಕ್ತಿನಾಥರು ಅವರನ್ನು ಫ್ರಾನ್ಸಿನ ಪಾಲಕಿಯೆಂದು ಸಾರಿದ್ದು ಆ ವರ್ಷದ ಮೇ 3ರಂದು. ತಿಂಗಳು ಕಳೆಯುವಷ್ಟರಲ್ಲಿ ಆ ಊರಿನ ಬಹುಭಾಗ ಬೂದಿಯಾಯಿತು. ಅವರು ಬಾಲ್ಯದಲ್ಲಿ ಓದಿದ ಬೆನೆಡಿಕ್ಟೈನ್ ಮಠವೂ ನಾಶವಾಯಿತು, ಅಲ್ಲಿನ ಕನ್ಯಾಸ್ತ್ರೀಯರೂ ಸತ್ತರು. ಕಾರ್ಮೆಲ್ ಮಠದ ಸೋದರಿಯರು ಸಂತರ ಅವಶೇಷಗಳನ್ನು ಎತ್ತಿಕೊಂಡು ಮಹಾದೇವಾಲಯದ ನೆಲಮಾಳಿಗೆಯಲ್ಲಿ ಆಶ್ರಯ ಪಡೆದರು. ಅವರಲ್ಲಿ ತೆರೇಸಮ್ಮನವರ ಸ್ವಂತ ಅಕ್ಕಂದಿರಾದ ಪೌಲಿನ್ ಮತ್ತು ಸೆಲಿನ್ ಕೂಡ ಇದ್ದರು.

ಈ ನಾಗರಿಕರ ಸಾವನ್ನು ಬಹುಕಾಲ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಬಿಡುಗಡೆ ತಂದವರ ಮುಂದೆ ದೂರುವುದು ಹೇಗೆ ಎಂಬ ಸಂಕೋಚ. 2014ರಲ್ಲಿ, ಎಂದರೆ 70 ವರ್ಷಗಳ ನಂತರ, ಫ್ರಾನ್ಸಿನ ಅಧ್ಯಕ್ಷ ಒಲಾಂದ್ ಅವರು ಜೂನ್ 6ರ ಕಾರ್ಯಕ್ರಮವನ್ನು ಈ ನಾಗರಿಕರಿಗೆ ಗೌರವ ಸಲ್ಲಿಸಿ ಆರಂಭಿಸಿದರು. 80ನೇ ವರ್ಷದ ಸ್ಮರಣೆಯಲ್ಲಿ, 2024ರಲ್ಲಿ, ಅಧ್ಯಕ್ಷ ಮಾಕ್ರೋನ್ ಬಾಂಬಿಗೆ ಸಿಕ್ಕಿ ನೆಲಸಮವಾಗಿದ್ದ ಸಾಂ-ಲೋ ಪಟ್ಟಣಕ್ಕೇ ಹೋಗಿ ಗೌರವ ಸಲ್ಲಿಸಿದರು.

ಇನ್ನು ಶತ್ರುಗಳೆನಿಸಿಕೊಂಡವರು. ಕೊಲವಿಲ್‌ನ ಅಮೆರಿಕನ್ ಸಮಾಧಿಭೂಮಿಯಲ್ಲಿ 9,300ಕ್ಕೂ ಹೆಚ್ಚು ಗೋರಿಗಳು. ಬಿಳಿ ಶಿಲುಬೆಗಳ ಆ ಸಾಲುಗಳನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಅಲ್ಲಿಂದ ಹೆಚ್ಚು ದೂರವಿಲ್ಲದ ಲಾ ಕಾಂಬ್‌ನಲ್ಲಿ 21,000ಕ್ಕೂ ಹೆಚ್ಚು ಜರ್ಮನ್ ಸೈನಿಕರು ಮಲಗಿದ್ದಾರೆ. ಅಲ್ಲಿ ಕಪ್ಪು ಕಲ್ಲಿನ ಗಿಡ್ಡ ಶಿಲುಬೆಗಳು, ಜನಸಂದಣಿಯೂ ಕಡಿಮೆ. 2004ರ 60ನೇ ವರ್ಷದ ಸ್ಮರಣೆಗೆ ಮೊದಲ ಬಾರಿಗೆ ಜರ್ಮನಿಯ ಚಾನ್ಸಲರರನ್ನು ಆಹ್ವಾನಿಸಿದರು. ಬಂದ ಶ್ರೋಡರ್ ಅವರು ಲಾ ಕಾಂಬ್‌ಗೆ ಹೋಗಲಿಲ್ಲ. ಬ್ರಿಟಿಷರ ಜೊತೆ ಕೆಲವು ಜರ್ಮನರನ್ನೂ ಹೂಳಿರುವ ರಾನ್‌ವಿಲ್‌ನಲ್ಲಿ ಹೂವಿಟ್ಟರು. ಅದೇ ಸಮಯದಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್‌ರ ಪ್ರತಿನಿಧಿಯಾಗಿ ಬಂದಿದ್ದ ಕಾರ್ಡಿನಲ್ ರಾಟ್ಸಿಂಗರ್ ಲಾ ಕಾಂಬ್‌ಗೆ ಹೋಗಿ ಮಾತನಾಡಿದರು. ಶಾಲೆಗೆ ಹೋಗುವ ವಯಸ್ಸಿನಲ್ಲೇ ಜರ್ಮನಿಯ ವಿಮಾನ ನಿರೋಧಕ ದಳಕ್ಕೆ ಕಡ್ಡಾಯವಾಗಿ ಎಳೆಯಲ್ಪಟ್ಟವರು ಅವರು. ಅಲ್ಲಿ ಮಲಗಿರುವವರಲ್ಲಿ ಎಷ್ಟೋ ಮಂದಿ ಅವರದೇ ಓರಗೆಯವರು. ಮರುವರ್ಷ ಅವರೇ ಹದಿನಾರನೇ ಬೆನೆಡಿಕ್ಟರಾದರು.

ಶ್ರೋಡರ್ ಹಿಂಜರಿದದ್ದಕ್ಕೂ ಕಾರಣವಿತ್ತು. ಲಾ ಕಾಂಬ್‌ನಲ್ಲಿ ಹಿಟ್ಲರನ ಎಸ್.ಎಸ್. ಪಡೆಯವರೂ ಇದ್ದಾರೆ. 1944ರ ಜೂನ್ 10ರಂದು ಫ್ರಾನ್ಸಿನ ಒರಾದೂರ್ ಎಂಬ ಊರಿನಲ್ಲಿ 643 ಜನರನ್ನು ಕೊಂದ, ಹೆಂಗಸರು ಮಕ್ಕಳನ್ನು ದೇವಾಲಯದೊಳಗೆ ಕೂಡಿಹಾಕಿ ಬೆಂಕಿ ಇಟ್ಟ ದಳದ ನಾಯಕನ ಗೋರಿಯೂ ಅಲ್ಲೇ ಇದೆ. ಅವನಿಗಾಗಿಯೂ ಪ್ರಾರ್ಥಿಸಬೇಕೇ? ಪ್ರಾಮಾಣಿಕವಾಗಿ ಹೇಳುವುದಾದರೆ ನನ್ನ ನಾಲಿಗೆ ತಡವರಿಸುತ್ತದೆ. ಗೌರವ ಬೇರೆ, ಪ್ರಾರ್ಥನೆ ಬೇರೆ. ಅಂಥವನ ಗೋರಿಯ ಮೇಲೆ ಸನ್ಮಾನದ ಹೂವಿಡುವುದು ಸತ್ತ ಆ ಮಕ್ಕಳಿಗೆ ಅವಮಾನ. ಆದರೆ ಪ್ರಾರ್ಥಿಸುವವರು ಅಪರಾಧವನ್ನು ಒರೆಸುವುದಿಲ್ಲ, ತೀರ್ಪನ್ನು ದೇವರ ಕೈಗೆ ಬಿಡುತ್ತಾರೆ. ಕಲ್ಲರೆ ಹಬ್ಬದ ದಿನ ನಮ್ಮ ಸ್ವಾಮಿಗಳು ತೀರ್ಥ ಪ್ರೋಕ್ಷಿಸುತ್ತಾ ಹೋಗುವಾಗ ಯಾವ ಗೋರಿಯಲ್ಲಿ ಎಂಥವರಿದ್ದಾರೆಂದು ಕೇಳಿ ಮುಂದೆ ಸಾಗುವುದಿಲ್ಲ. ಉತ್ತರಿಸುವ ಸ್ಥಳದ ಆತ್ಮಗಳಿಗಾಗಿ ಪ್ರಾರ್ಥಿಸುವಾಗ ನಾವೂ ಯಾರನ್ನೂ ಪಟ್ಟಿಯಿಂದ ಹೊಡೆದುಹಾಕುವುದಿಲ್ಲ.

ರಾಬರ್ಟ್ ರೈಟ್ 2013ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಆಂಗೊವಿಲ್‌ಗೆ ತಂದು ದೇವಾಲಯದ ಅಂಗಳದಲ್ಲೇ ಹೂತರು. ಕಲ್ಲಿನ ಮೇಲೆ ಪದವಿಯಿಲ್ಲ, ಪೂರ್ತಿ ಹೆಸರೂ ಇಲ್ಲ. ಆರ್, ಇ, ಡಬ್ಲ್ಯೂ ಎಂಬ ಮೂರು ಅಕ್ಷರಗಳಷ್ಟೇ.