ರಸಬಾಳೆ ಅಂದ್ರಾ? ಮೊದಲು ಮೂಸಿ ನೋಡಿ!

ನಂಜನಗೂಡು ಬಸ್ ನಿಲ್ದಾಣದಲ್ಲಿ ಇಳಿಯುವವರಿಗೆ ಒಂದು ಕಿವಿಮಾತು. 'ರಸಬಾಳೆ, ರಸಬಾಳೆ' ಎಂಬ ಕೂಗು ಕೇಳಿದ ಕೂಡಲೇ ಕೈಚೀಲ ಚಾಚಬೇಡಿ. ಮೊದಲು ಮೂಸಿ ನೋಡಿ. ನಿಜವಾದ ರಸಬಾಳೆಗೆ ಅದರ ಘಮವೇ ಸಾಕ್ಷಿ. ಸಿಪ್ಪೆ ಕಾಗದದಷ್ಟು ತೆಳು, ತಿರುಳಿನಲ್ಲಿ ಸಿಹಿಯ ಜೊತೆಗೆ ಒಂಚೂರು ಹುಳಿ. ಪೂರಾ ಮಾಗಿತೋ, ಚಿಪ್ಪಿನಲ್ಲಿ ನಿಲ್ಲೋದಿಲ್ಲ, ಉದುರುತ್ತೆ. ಅಂಗಡಿಯವರಿಗೆ ತಲೆನೋವಿನ ಹಣ್ಣೇ ಸರಿ.

ಹಾಗೆ ನೋಡಿದರೆ ಈ ಜಾತಿ ನಮ್ಮೊಬ್ಬರ ಸೊತ್ತಲ್ಲ. ತಮಿಳುನಾಡಿನ ರಸ್ತಾಳಿ, ಬಂಗಾಳದ ಮರ್ತಮಾನ್ ಎಲ್ಲ ಇದರ ದಾಯಾದಿಗಳೇ. ಆದರೂ 2005-06ರಲ್ಲಿ ಭೌಗೋಳಿಕ ಸೂಚಕದ ಮುದ್ರೆ ಬಿದ್ದದ್ದು ನಂಜನಗೂಡಿನ ಹೆಸರಿಗೆ. ಯಾಕೆ? ಮಣ್ಣು ಸ್ವಾಮಿ, ಮಣ್ಣು! ಕಪಿಲೆ ತಂದು ಹಾಕಿದ ಕಪ್ಪು ಜೇಡಿ ಮೆಕ್ಕಲು, ಅದರಲ್ಲಿ ಒಂದಿಷ್ಟು ಉಪ್ಪಿನಂಶ. ಆದರೆ ಹೊಳೆ ಮಣ್ಣು ತಂದ ಮಾತ್ರಕ್ಕೆ ತೋಟ ಆಗೋದಿಲ್ಲ. ದೇವರಸನಹಳ್ಳಿ ಕಡೆಯ ರೈತರು ಗುಂಡಿ ತೆಗೆದು, ಬಸಿಗಾಲುವೆ ಎಳೆದು, ಒಳ್ಳೆ ಗೊನೆ ಕೊಟ್ಟ ಬುಡದ ಕಂದನ್ನೇ ಆರಿಸಿ ನೆಟ್ಟರು. ಇತ್ತ ಊರಲ್ಲಿ ಶ್ರೀಕಂಠೇಶ್ವರನ ದೊಡ್ಡ ಜಾತ್ರೆ, ಐದು ತೇರು, ತೇರಿಗೆ ಎಸೆಯೋಕೆ ಹಣ್ಣು-ಜವನ. ದೇವರಿಗೆ ಬಾಳೆ ಬೇಕು, ಬಾಳೆಗೆ ಗಿರಾಕಿ ಬೇಕು.

ಆ ಕಂದೇ ಮುಳುವಾಯಿತು ನೋಡಿ. ನಂಜು ನುಂಗಿದ ನಂಜುಂಡನ ಊರಿನ ಮಣ್ಣಿಗೇ ನಂಜು ಹತ್ತಿತು. ಹೆಸರು ಪನಾಮಾ ಸೊರಗು ರೋಗ. ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರೋ ನಾಳಗಳನ್ನೇ ಕಟ್ಟಿಹಾಕುತ್ತೆ. ಬುಡದಲ್ಲಿ ನೀರಿದ್ರೂ ಗಿಡಕ್ಕೆ ಬಾಯಾರಿಕೆ! ಎಲೆ ಹಳದಿಯಾಗಿ ಜೋತುಬೀಳುತ್ತೆ, ದಿಂಡು ಸೀಳುತ್ತೆ. ರೋಗದ ಬುಡದಿಂದ ಕಿತ್ತ ಕಂದು ನೋಡೋಕೆ ಚೆನ್ನಾಗೇ ಇರುತ್ತೆ. ನೆಂಟರಿಗೆ ಕೊಟ್ಟರೆ ರೋಗವನ್ನೂ ಕೊಟ್ಟಂತೆ. ನೇಗಿಲಿಗೆ ಅಂಟಿದ ಮಣ್ಣು, ಹರಿಯೋ ನೀರು ಎಲ್ಲ ಅದಕ್ಕೆ ವಾಹನ. ತೋಟ ಕಡಿದರೂ ದಶಕಗಟ್ಟಲೆ ಮಣ್ಣಲ್ಲೇ ಕೂತಿರುತ್ತೆ. ಔಷಧಿ ಹೊಡೆದು ಓಡಿಸೋ ಮಾತಿಲ್ಲ. ಮಧ್ಯ ಅಮೆರಿಕದ ಗ್ರೋ ಮಿಷೆಲ್ ಬಾಳೆ 1960ರ ದಶಕ ಮುಗಿಯೋ ಹೊತ್ತಿಗೆ ವ್ಯಾಪಾರದಿಂದಲೇ ಎದ್ದುಹೋಗಿದ್ದು ಇದೇ ರೋಗಕ್ಕೆ. ಅಲ್ಲಿ ಕಂಪನಿಗಳು ಬೇರೆ ಜಾತಿ ಹಾಕಿ ಗೆದ್ದವು. ನಾವು ಬೇರೆ ಜಾತಿ ಹಾಕಿದರೆ ಅದು ರಸಬಾಳೆ ಹೇಗಾದೀತು?

ಈ ನಡುವೆ 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ನಾಲೆ ಬಂತು, ಭತ್ತ ಬಂತು. ಸೊರಗಿದ ತೋಟ ನೋಡಿ ಬೇಸತ್ತ ರೈತ ಬೇರೆ ಬೆಳೆಗೆ ತಿರುಗಿದರೆ ತಪ್ಪು ಅನ್ನೋಕಾಗುತ್ತಾ? ಸಾಲ ತೀರಿಸೋದು ಅವನೇ ತಾನೆ?

ಈಗ ಅಂಗಾಂಶ ಕೃಷಿಯ ಸಸಿ ಉಂಟು. ಅದು ರೋಗವಿಲ್ಲದೆ ಬರುತ್ತೆ, ನಿಜ. ರೋಗದ ಮಣ್ಣಿಗೆ ಇಟ್ಟರೆ ಮತ್ತೆ ಅದೇ ಕತೆ. ಬಾಳೆ ಕಾಣದ ಹೊಲ ಹುಡುಕಬೇಕು, ಪಕ್ಕದ ತೋಟದ ನೀರು ನುಗ್ಗದಂತೆ ಕಾಯಬೇಕು. ಇಷ್ಟೆಲ್ಲ ಮಾಡಿ ಬೆಳೆದವನ ಹಣ್ಣು ಅಗ್ಗಕ್ಕೆ ಸಿಕ್ಕೀತೇ?

ಆದ್ದರಿಂದ ಮೂಸಿದಾಗ ಘಮ ಬಂದರೆ, ಹತ್ತು ರೂಪಾಯಿ ಜಾಸ್ತಿ ಅಂತ ಜಗಳ ತೆಗೀಬೇಡಿ. ಯಾವ ಊರಿನ ತೋಟದ್ದು ಅಂತ ಒಂದು ಮಾತು ಕೇಳಿ. ತಡವರಿಸಿದರೆ ಸುಮ್ಮನೆ ಬಸ್ ಹತ್ತಿ.