ಗಿಡ ಕೊಳೆತರೂ ಕೇಸು ಕೊಳೆಯೋಲ್ಲ!

ಶಿವಮೊಗ್ಗದಿಂದ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಗೆ ದಿನಾ ಬಸ್ಸಿನಲ್ಲಿ ಓಡಾಡುವವರ ಕಿವಿಗೆ ಈ ಮಾತು ಬಿದ್ದೇ ಇರುತ್ತದೆ. ಶುಂಠಿ ಹೊಲವೋ ಜೋಳದ ಹೊಲವೋ ಕಂಡ ಕೂಡಲೇ ಹಿಂದಿನ ಸೀಟಿನವನೊಬ್ಬ, ‘ಅದರ ನಡುವೆ ಇನ್ನೊಂದು ಬೆಳೆ ಇರುತ್ತೆ ಕಣಯ್ಯಾ’ ಅಂತ ಕಣ್ಣು ಹೊಡೆಯುತ್ತಾನೆ. ಆ ಇನ್ನೊಂದು ಬೆಳೆ ಗಾಂಜಾ. ಮುಂದಿನ ಸ್ಟಾಪು ಬರುವುದರೊಳಗೆ ಲೆಕ್ಕವೂ ಮುಗಿಯುತ್ತದೆ. ಅಡಿಕೆಗೆ ಐದಾರು ವರ್ಷ ಕಾಯಬೇಕು. ಶುಂಠಿ ರೇಟು ಇವತ್ತು ಅಟ್ಟದ ಮೇಲೆ, ನಾಳೆ ನೆಲದ ಮೇಲೆ. ಇದಾದರೆ ಐದಾರು ತಿಂಗಳು, ಕೈತುಂಬ ಕಾಸು!

ಈ ಲೆಕ್ಕದಲ್ಲಿ ಎರಡು ಬಾಬ್ತು ಬಿಟ್ಟುಹೋಗಿವೆ. ಒಂದು ಮಳೆ, ಇನ್ನೊಂದು ಪಹಣಿ.

ಮೊದಲು ಮಳೆ. ಈ ವ್ಯವಹಾರದ ಮಾತಾಡುವ ಹುಡುಗರ ಬಾಯಲ್ಲಿ ‘ಇಂಡಿಕಾ’ ಅನ್ನೋ ಹೆಸರು ಜೋರು. ಕೇಳಿದರೆ ನಮ್ಮ ಮನೆಮಗಳ ಹೆಸರಿನಂತಿದೆ. 1785ರಲ್ಲಿ ಲಮಾರ್ಕ್ ಎಂಬ ಫ್ರೆಂಚ್ ವಿಜ್ಞಾನಿ ಭಾರತದಿಂದ ಹೋದ ಗಿಡ ನೋಡಿಯೇ ಆ ಹೆಸರಿಟ್ಟಿದ್ದು ನಿಜ. ಆದರೆ ಬೀಜ ಮಾರುವವರು ಈಗ ಇಂಡಿಕಾ ಎಂದು ಕರೆಯುವುದು ಬಹುಪಾಲು ಅಫ್ಘಾನಿಸ್ತಾನದ ಹಿಂದೂಕುಶ್ ಬೆಟ್ಟದ ಕಡೆಯ ಗಿಡದ ಸಂತಾನವನ್ನು. ಗಿಡ ಕುಳ್ಳು, ಎಲೆ ಅಗಲ, ಹೂಗೊಂಚಲು ಮುಷ್ಟಿ ಬಿಗಿಹಿಡಿದಂತೆ ದಟ್ಟ. ಅಲ್ಲಿ ಹೂ ಬಲಿಯುವ ಕಾಲಕ್ಕೆ ಮಳೆಯ ಮಾತೇ ಇಲ್ಲ, ಗಾಳಿಯೂ ಒಣ. ದಕ್ಷಿಣದ ಮಳೆಸೀಮೆಗೆ ಹೊಂದಿಕೊಂಡ ಹಳೇ ಗಿಡದ ಜಾಯಮಾನವೇ ಬೇರೆ. ಅದು ಸಣಕಲು, ಎತ್ತರ. ಹೂ ಸಡಿಲ, ನಡುವೆ ಗಾಳಿ ಆಡುತ್ತದೆ.

ಮಲೆನಾಡೋ! ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ಬಟ್ಟೆ ಒಣಗಿಸಲು ಒಲೆಯ ಮೇಲೆ ಹಗ್ಗ ಕಟ್ಟುವ ಊರು. ಈ ಗಿಡವೋ, ಹಗಲು ಗಿಡ್ಡವಾಗತೊಡಗಿದ ಮೇಲೆ ಹೂ ಬಿಡುವ ಜಾತಿ. ಹೂ ತುಂಬಿಕೊಳ್ಳುವ ಹೊತ್ತಿಗೆ ಸರಿಯಾಗಿ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಸಾಲಾಗಿ ನಿಂತಿರುತ್ತವೆ. ಅವು ಮುಗಿದವು ಅನ್ನುವಾಗ ಇಬ್ಬನಿ. ಬಿಗಿದ ಹೂವಿನೊಳಗೆ ಸೇರಿದ ನೀರು ಹೊರಗೆ ಬರುವುದಿಲ್ಲ, ಬರುವುದು ಬೂಷ್ಟು. ‘ಬೋಟ್ರೈಟಿಸ್’ ಎನ್ನುವ ಬೂದುಬಣ್ಣದ ಬೂಷ್ಟು ಅದು. ದ್ರಾಕ್ಷಿ ಗೊಂಚಲು ಕೊಳೆಸುವುದೂ ಅದೇ. ಕೊಳೆತ ಶುರುವಾಗುವುದು ಒಳಗಿನಿಂದ. ಹೊರಗೆ ಹಸಿರು, ಬೆರಳಿಟ್ಟರೆ ಒಳಗೆಲ್ಲ ಕಂದು.

ಅಷ್ಟಾದರೂ ಉಳಿದದ್ದನ್ನು ಅಟ್ಟದ ಮೇಲೋ ದನದ ಕೊಟ್ಟಿಗೆಯ ಮೂಲೆಯಲ್ಲೋ ಬಚ್ಚಿಟ್ಟು ಒಣಗಿಸುವುದು. ಬಿಸಿಲು ತೋರಿಸುವ ಹಾಗಿಲ್ಲವಲ್ಲ! ಅಲ್ಲಿ ಇನ್ನೊಂದು ಬೂಷ್ಟು ಕಾದಿರುತ್ತದೆ, ಹೆಸರು ‘ಆಸ್ಪರ್ಜಿಲಸ್’. ಆ ಸರಕು ಪೇಟೆಯ ಹುಡುಗನ ಬೀಡಿಯೊಳಗೆ ಸೇರಿ ಹೊಗೆಯಾಗುತ್ತದೆ. ದೇಹದಲ್ಲಿ ಕಸುವಿಲ್ಲದ ರೋಗಿಯ ಶ್ವಾಸಕೋಶಕ್ಕೆ ಈ ಬೂಷ್ಟು ಇಳಿದರೆ ಪ್ರಾಣಕ್ಕೇ ಸಂಚಕಾರ.

ಅಡಿಕೆಗೂ ಕೊಳೆರೋಗ ಬರುತ್ತದೆ, ನಿಜ. ಆದರೆ ಅಡಿಕೆಗೆ ದಿಕ್ಕಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1910ರ ಸುಮಾರಿಗೆ, ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ ಸಾಹೇಬರು ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಅದಕ್ಕೂ ಹಿಂದಿನ ಅಜ್ಜಂದಿರು ಗೊನೆಗೆ ಕೊಟ್ಟೆ ಕಟ್ಟಿ ಕಾಪಾಡಿಕೊಂಡರು. ಇವತ್ತು ಇಲಾಖೆ ಇದೆ, ಸೊಸೈಟಿ ಸಾಲ ಇದೆ, ಬೆಳೆವಿಮೆ ಇದೆ. ಗಾಂಜಾ ಕೊಳೆಯಿತು ಅಂತ ಯಾವ ಕಚೇರಿಗೆ ಅರ್ಜಿ ಹಿಡಿದು ಹೋಗೋದು?

ಈಗ ಪಹಣಿಯ ವಿಷಯ. ನಿಜವಾದ ಕುತ್ತು ಇರುವುದು ಇಲ್ಲಿ.

ಹಳಬರಿಗೆ ಗಾಂಜಾ ಅಂದರೆ ಇನ್ನೂ ಅಬಕಾರಿಯವರ ದಂಡದ ನೆನಪು. ಆ ಕಾಲ ಹೋಗಿ ದಶಕಗಳಾದವು. 1985ರ ನವೆಂಬರ್ 14ರಿಂದ ಎನ್‌ಡಿಪಿಎಸ್ ಕಾಯ್ದೆ ಜಾರಿಯಲ್ಲಿದೆ. ಅದರ 20ನೇ ಕಲಮಿನ ಪ್ರಕಾರ ಗಾಂಜಾ ಗಿಡ ಬೆಳೆದವನಿಗೆ 10 ವರ್ಷದ ತನಕ ಕಠಿಣ ಸಜೆ, 1 ಲಕ್ಷ ರೂಪಾಯಿ ತನಕ ದಂಡ. ಕೈಯಲ್ಲಿ ಸಿಕ್ಕ ಗಾಂಜಾಕ್ಕಾದರೆ 1 ಕಿಲೋ, 20 ಕಿಲೋ ಅಂತ ಗೆರೆಗಳಿವೆ, ಶಿಕ್ಷೆಯಲ್ಲೂ ಹೆಚ್ಚುಕಡಿಮೆ ಇದೆ. ಬೆಳೆದ ಗಿಡಕ್ಕೆ ಆ ಗೆರೆ ಇಲ್ಲ. ಹಿತ್ತಲಲ್ಲಿ ಒಂದೇ ಗಿಡ ಇದ್ದರೂ ಅದು ‘ಬೇಸಾಯ’ವೇ.

ಬೆಳೆದವನು ಯಾರು? ಮಲೆನಾಡಿನಲ್ಲಿ ಶುಂಠಿಗೆ ಜಮೀನು ಕೊಡುವ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಹೊರಗಿನವರು ಬರುತ್ತಾರೆ, ಎಕರೆಗಿಷ್ಟು ಅಂತ ಎಣಿಸುತ್ತಾರೆ, ಒಂದೆರಡು ವರ್ಷ ಬೆಳೆದು ಹೊರಡುತ್ತಾರೆ. ಬಹುಮಂದಿ ಬೆವರು ಸುರಿಸಿ ದುಡಿಯುವವರೇ, ಅವರನ್ನೆಲ್ಲ ಕಳ್ಳರು ಅನ್ನೋದು ಅನ್ಯಾಯ. ಆದರೆ ವ್ಯವಹಾರ ಮಾತ್ರ ಬಾಯಿಮಾತಿನದು. 1974ರ ಭೂಸುಧಾರಣೆ ತಿದ್ದುಪಡಿಯಾದ ಮೇಲೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದೇ ನಿಷಿದ್ಧವಾದ್ದರಿಂದ ಕಾಗದ ಮಾಡಿಕೊಳ್ಳುವ ಧೈರ್ಯ ಯಾರಿಗಿದೆ? ಹೀಗಾಗಿ ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು, ಸಾಗುವಳಿದಾರನ 12ನೇ ಕಾಲಂನಲ್ಲಿ ‘ಸ್ವಂತ’ ಎಂಬ ಎರಡಕ್ಷರ.

ಆ ಎರಡಕ್ಷರವೇ ಉರುಳು. ಶುಂಠಿ ಸಾಲಿನ ನಡುವೆ ಹತ್ತು ಗಿಡ ಸಿಕ್ಕಿದ ದಿನ ನೆಟ್ಟವನು ಊರಲ್ಲಿರುವುದಿಲ್ಲ, ಪಹಣಿ ಇರುತ್ತದೆ. ‘ಗುತ್ತಿಗೆಗೆ ಕೊಟ್ಟಿದ್ದೆ ಸಾರ್’ ಅಂದರೆ ಕಾಗದ ಎಲ್ಲಿ ಅಂತಾರೆ. ತಾನು ಸಾಗುವಳಿ ಮಾಡಿದ ಜಮೀನಿನಲ್ಲಿ ಗಿಡ ನಿಂತಿದ್ದರೆ ಲೆಕ್ಕ ಒಪ್ಪಿಸಬೇಕಾದವನು ಅವನೇ ಎನ್ನುತ್ತದೆ 54ನೇ ಕಲಂ. ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟವನಿಗೆ ಬೆಳೆದವನಷ್ಟೇ ಶಿಕ್ಷೆ ಎನ್ನುತ್ತದೆ 25ನೇ ಕಲಂ. ಗೊತ್ತಿರಲಿಲ್ಲ ಅನ್ನೋದನ್ನು ಸಾಬೀತು ಮಾಡುವ ಹೊರೆ ಆರೋಪಿಯದು, ಅದು 35ನೇ ಕಲಂ. ಹಣ ಹಾಕಿದ ಧಣಿ ಯಾವ ಕಲಮಿಗೂ ಸುಲಭಕ್ಕೆ ಸಿಗುವವನಲ್ಲ. ಸಿಗುವುದು ಕಾವಲಿಗಿದ್ದ ಕೂಲಿಯವನು, ಇಲ್ಲಾ ಪಹಣಿಯಲ್ಲಿರುವವನು.

ತೂಕದ ಕಥೆ ಇನ್ನೊಂದು. ಕಾಯ್ದೆಯ ಭಾಷೆಯಲ್ಲಿ ಗಾಂಜಾ ಅಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ ಮಾತ್ರ. ಅದರ ಜತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ಬೇರು, ಕಾಂಡ, ಎಲೆ ಸಮೇತ ಮಳೆ ಕುಡಿದ ಇಡೀ ಹಸಿಗಿಡವನ್ನೇ ತಕ್ಕಡಿಗೆ ಹಾಕಿದ ಪ್ರಕರಣಗಳಲ್ಲಿ ಹೈಕೋರ್ಟುಗಳು ಪ್ರಶ್ನೆ ಎತ್ತಿ ಜಾಮೀನು ಕೊಟ್ಟದ್ದುಂಟು. ಆದರೆ ಆ ಜಾಮೀನು ಕೈಗೆ ಬರುವಷ್ಟರಲ್ಲಿ ಮನೆಯ ಬೆಳ್ಳಿ ಚೊಂಬು ಗಿರವಿ ಅಂಗಡಿ ಸೇರಿರುತ್ತದೆ.

‘ಸರ್ಕಾರವೇ ಬಿಟ್ಟುಬಿಟ್ಟಿದೆಯಂತೆ’ ಅನ್ನುವವರೂ ಇದ್ದಾರೆ. ಉತ್ತರಾಖಂಡದಲ್ಲಿ ಲೈಸೆನ್ಸ್ ಮೇಲೆ ಬೆಳೆಯುವುದು ನಾರಿಗೂ ಬೀಜಕ್ಕೂ, ಅಮಲು ಶೇಕಡಾ 0.3ಕ್ಕಿಂತ ಕಡಿಮೆ ಇರುವ ಜಾತಿ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಗಾಂಜಾವನ್ನು ಅತಿ ಬಿಗಿಯಾದ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತು, ಅದೂ ನಿಜ. ಆದರೆ ಅಲ್ಲಿ ಎತ್ತಿದ ಕೈ ಹೊಸನಗರದ ಠಾಣೆಯಲ್ಲಿ ನಡೆಯೋಲ್ಲ.

ಜಮೀನು ಕೊಟ್ಟವರಿಗೆ ಕಾಯ್ದೆಯಲ್ಲೇ ಒಂದು ದಾರಿ ಇದೆ, ಅದನ್ನು ಹೇಳುವವರು ಕಡಿಮೆ. 46ನೇ ಕಲಮಿನಂತೆ ತನ್ನ ಜಮೀನಿನಲ್ಲಿ ಇಂಥ ಗಿಡ ಕಂಡ ಮಾಲೀಕ ತಕ್ಷಣ ಪೊಲೀಸರಿಗೆ ತಿಳಿಸಬೇಕು, ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಅಪರಾಧ. ದುಡ್ಡು ಎಣಿಸಿಕೊಂಡು ಪೇಟೆ ಸೇರಿದ ಯಜಮಾನರು ಉತ್ತರೆ ಮಳೆಯ ಹೊತ್ತಿಗೆ ಒಂದು ಸಲ ಕಂಬಳಿಕೊಪ್ಪೆ ಹಾಕಿಕೊಂಡು ಬೇಲಿಯೊಳಗೆ ಹೊಕ್ಕು, ಆ ತುದಿಯ ತನಕ ನಡೆದು ಬರಬಹುದು. ಶುಂಠಿ ಎದೆಮಟ್ಟಕ್ಕಿಂತ ಎತ್ತರ ಬೆಳೆಯುವುದಿಲ್ಲ, ಮೇಲೆ ತಲೆ ಎತ್ತಿದ್ದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಜೋಳದ ಹೊಲವಾದರೆ ಸಾಲಿನೊಳಗೇ ನುಗ್ಗಿ ನೋಡಬೇಕು.