ಮಳೆಯ ಲೆಕ್ಕ, ಕಾಗದದ ಲೆಕ್ಕ

ಕುರುಬರಹಳ್ಳಿಯಲ್ಲಿ ನಾನಿರುವ ಬೀದಿಯ ಕೊನೆಗೆ ಒಂದು ನೋಟ್‌ಪುಸ್ತಕದ ಅಂಗಡಿ ಇದೆ. ಮುಂದೆ ವ್ಯಾಪಾರ, ಹಿಂದೆ ಬೈಂಡಿಂಗ್ ಕೆಲಸ. ಹಿಂದೆಲ್ಲ ಎರಡು ಮೆಟ್ಟಿಲು ಹತ್ತಿ ಆ ಅಂಗಡಿಗೆ ಹೋಗುತ್ತಿದ್ದೆವು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಈಗ ಎರಡು ಮೆಟ್ಟಿಲು ಇಳಿದು ಹೋಗಬೇಕು. ಈ ನಾಲ್ಕು ಮೆಟ್ಟಿಲಿನ ವ್ಯತ್ಯಾಸದಲ್ಲಿ ಒಂದು ಕುಟುಂಬದ ಬದುಕೇ ತೂಗಾಡುತ್ತದೆ ಎಂಬುದು ನನಗೆ ಹೊಳೆದದ್ದು 2017ರ ಅಕ್ಟೋಬರ್ 13ರ ರಾತ್ರಿ.

ಅಂದು ಶುಕ್ರವಾರ. ಪಂಚಾಂಗದ ಪ್ರಕಾರ ಚಿತ್ತೆ ಮಳೆಯ ಕಾಲ. ಆ ಮಳೆ ನಗರದಲ್ಲಿ ಐವರನ್ನು ಬಲಿ ತೆಗೆದುಕೊಂಡಿತು. ನಮ್ಮ ಕುರುಬರಹಳ್ಳಿಯಲ್ಲೇ ಮನೆಯ ಗೋಡೆ ಕುಸಿದು ಗಂಡ ಹೆಂಡತಿ ಇಬ್ಬರೂ ತೀರಿಕೊಂಡರು. ಅದೇ ವರ್ಷ ಮೇ ತಿಂಗಳಲ್ಲಿ ಇಲ್ಲಿನ ರಾಜಕಾಲುವೆಯಲ್ಲಿ ಒಬ್ಬ ಕಾರ್ಮಿಕ ಕೊಚ್ಚಿಹೋಗಿದ್ದರು. ಅಂಥ ಸಾವುಗಳ ಮುಂದೆ ಕಾಗದದ ನಷ್ಟದ ಮಾತು ಸಣ್ಣದು ಎಂದು ಅಂಗಡಿಯವರೇ ಸುಮ್ಮನಾದರು. ಆದರೆ ಮರುದಿನ ಬೆಳಿಗ್ಗೆ ಅವರು ಬೀದಿಗೆ ತಂದು ಸುರಿದ, ನೆನೆದು ಉಬ್ಬಿ ಕಲ್ಲಿನಂತಾದ ಕಾಗದದ ರೀಮುಗಳನ್ನು ನಾನು ನೋಡಿದ್ದೇನೆ. ಒಂದನೆಯ ತರಗತಿಯಲ್ಲಿದ್ದ ಅವರ ಮಗಳು ಅದರಲ್ಲಿ ಒಣಗಿದ ಹಾಳೆ ಹುಡುಕುತ್ತಿದ್ದಳು. ಅವಳೀಗ ಪ್ರೌಢಶಾಲೆಯಲ್ಲಿ ನನ್ನ ವಿದ್ಯಾರ್ಥಿನಿ. ಈ ಲೇಖನದ ಲೆಕ್ಕಗಳಲ್ಲಿ ಹೆಚ್ಚಿನವು ಅವಳವೇ.

ಮೊದಲಿಗೆ ನೀರಿನ ಲೆಕ್ಕ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. 30–40 ಅಡಿಯ ನಮ್ಮ ನಿವೇಶನ ಸುಮಾರು 111 ಚದರ ಮೀಟರ್. ಐವತ್ತು ಮಿಲಿಮೀಟರ್ ಮಳೆ ಬಿದ್ದರೆ ಐದೂವರೆ ಸಾವಿರ ಲೀಟರ್, ಅಂದರೆ ಹತ್ತಿರ ಹತ್ತಿರ ಒಂದು ಟ್ಯಾಂಕರ್ ನೀರು. ಬೇಸಿಗೆಯಲ್ಲಿ ಕಾದು ಕುಳಿತು ದುಡ್ಡು ಕೊಟ್ಟು ತರಿಸುವ ಟ್ಯಾಂಕರ್, ಅಕ್ಟೋಬರ್‌ನಲ್ಲಿ ಒಂದು ಗಂಟೆಯಲ್ಲಿ ಪುಕ್ಕಟೆಯಾಗಿ ಪ್ರತಿ ಮನೆಯ ತಾರಸಿಯಿಂದಲೂ ಬೀದಿಗೆ ಇಳಿಯುತ್ತದೆ! ಒಂದು ಚದರ ಕಿಲೋಮೀಟರಿಗೆ ಇದು ಐದು ಕೋಟಿ ಲೀಟರ್. ಮಣ್ಣಿದ್ದ ಕಾಲದಲ್ಲಿ ಒಂದಷ್ಟು ಇಂಗುತ್ತಿತ್ತು. ಈಗ ಅಂಗಳವೂ ಕಾಂಕ್ರೀಟು, ಮರದ ಬುಡವೂ ಕಾಂಕ್ರೀಟು. ಮೇಲಿನ ದಿಣ್ಣೆಗಳಿಂದ ಇಳಿದ ನೀರೆಲ್ಲ ವೃಷಭಾವತಿಯ ಕಣಿವೆಯನ್ನು ಹುಡುಕಿಕೊಂಡು ಹೊರಡುತ್ತದೆ. ದಾರಿಯಲ್ಲಿ ಸಿಕ್ಕಿದ ತಗ್ಗಿನ ಅಂಗಡಿಗೂ ಒಂದು ಸುತ್ತು ಬಂದು ಹೋಗುತ್ತದೆ.

ಪ್ರವಾಹದ ನಂತರ ಅಂಗಡಿಯವರು ಒಂದು ವರ್ಷ ಮೋಡ ಕಂಡರೆ ಬಾಗಿಲು ಹಾಕುತ್ತಿದ್ದರು. ಆಮೇಲೆ ಅವರ ಮಾತು ಬದಲಾಯಿತು. ‘ಅಂಗಡಿ ಹಾಕಿ ಹದಿನೈದು ವರ್ಷವಾಯಿತು ಮೇಷ್ಟ್ರೆ, ನೀರು ನುಗ್ಗಿದ್ದು ಮೂರು ಸಲ. ಅಂದರೆ ಐದು ವರ್ಷಕ್ಕೊಮ್ಮೆ. ಈಗ ತಾನೇ ಬಂದು ಹೋಗಿದೆ, ಇನ್ನು ಐದು ವರ್ಷ ನಿಶ್ಚಿಂತೆ’ ಎಂದರು. ಭಯವೂ ಈ ಧೈರ್ಯವೂ ಎರಡೂ ಲೆಕ್ಕವಿಲ್ಲದವು ಎಂದು ನಾನು ತಕರಾರು ತೆಗೆದೆ.

ಮಳೆಗೆ ಜ್ಞಾಪಕಶಕ್ತಿ ಇಲ್ಲ. ‘ಐದು ವರ್ಷಕ್ಕೊಮ್ಮೆ’ ಎಂದರೆ ಪ್ರತಿ ವರ್ಷವೂ ಐದರಲ್ಲಿ ಒಂದು ಸಂಭವ ಎಂದಷ್ಟೇ ಅರ್ಥ. ಕಳೆದ ವರ್ಷ ಬಂದಿದ್ದರೂ ಈ ವರ್ಷ ಅದೇ ಐದರಲ್ಲಿ ಒಂದು. ನೀರು ಬಾರದಿರುವ ಸಂಭವ ಒಂದು ವರ್ಷಕ್ಕೆ 0.8. ಅದನ್ನು ಐದು ಸಲ ಗುಣಿಸಿ ನೋಡಿ, 0.33 ಬರುತ್ತದೆ. ಅಂದರೆ ‘ನಿಶ್ಚಿಂತೆ’ಯ ಆ ಐದು ವರ್ಷಗಳಲ್ಲಿ ಒಮ್ಮೆಯಾದರೂ ನೀರು ನುಗ್ಗುವ ಸಂಭವ ನೂರಕ್ಕೆ 67! ‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ ಎಂಬ ಮಾತನ್ನು ಪತ್ರಿಕೆಗಳಲ್ಲಿ ಓದಿ ನಾವು ಮೊಮ್ಮಕ್ಕಳ ಕಾಲಕ್ಕೆ ಎಂದು ಮಗ್ಗುಲು ಬದಲಿಸುತ್ತೇವೆ. ಮೂವತ್ತು ವರ್ಷದ ಗೃಹಸಾಲದ ಅವಧಿಯಲ್ಲಿ ಅಂಥ ಮಳೆಯನ್ನು ಕಾಣುವ ಸಂಭವ ನೂರಕ್ಕೆ 26. ಈ ಗಣಿತಕ್ಕೆ ಪ್ರೌಢಶಾಲೆಯ ಪುಸ್ತಕ ಸಾಕು.

ಇದಕ್ಕೂ ಒಂದು ತೊಡಕಿದೆ. ಹಳೆಯ ವರ್ಷಗಳನ್ನು ಎಣಿಸಿ ಮುಂದಿನದನ್ನು ಹೇಳುವುದು, ಹವೆ ತನ್ನ ಹಳೆಯ ಗುಣದಲ್ಲೇ ಇದ್ದರೆ ಮಾತ್ರ ಸರಿ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 980 ಮಿ.ಮೀ. 2017ರಲ್ಲಿ 1,696 ಮಿ.ಮೀ. ಬಿದ್ದು ದಾಖಲೆಯಾಯಿತು. ಐದೇ ವರ್ಷದಲ್ಲಿ, 2022ರ ಅಕ್ಟೋಬರ್‌ನಲ್ಲಿ, ವರ್ಷ ಮುಗಿಯುವ ಮೊದಲೇ ಆ ದಾಖಲೆ ಮುರಿಯಿತು. ಮರುವರ್ಷ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಿಡಿದಿಟ್ಟದ್ದನ್ನು ಒಮ್ಮೆಲೇ ಸುರಿಯುವುದೂ ಉಂಟು. ಆದ್ದರಿಂದ ‘ಐದರಲ್ಲಿ ಒಂದು’ ಎಂಬುದನ್ನು ಕನಿಷ್ಠ ಲೆಕ್ಕ ಎಂದು ಇಟ್ಟುಕೊಳ್ಳುವುದು ಕ್ಷೇಮ.

ಹಾಗಾದರೆ ಅಂಗಡಿಯವರು ಮಾಡಬೇಕಾದದ್ದೇನು? ಇಲ್ಲಿ ಹವಾಮಾನ ವರದಿ ಬಂತು. ಆಕಾಶವಾಣಿಯ ‘ಒಂದೆರಡು ಕಡೆ’, ‘ಹಲವು ಕಡೆ’ ಎಂಬ ಮಾತುಗಳನ್ನು ಹಾಸ್ಯ ಮಾಡದವರಿಲ್ಲ. ಆದರೆ ಅವು ಬಾಯಿಗೆ ಬಂದ ಮಾತುಗಳಲ್ಲ, ಅಳತೆಗಳು. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲುಭಾಗದವರೆಗೆ, ‘ಕೆಲವು ಕಡೆ’ ಎಂದರೆ ಅರ್ಧದವರೆಗೆ, ‘ಹಲವು ಕಡೆ’ ಎಂದರೆ ಮುಕ್ಕಾಲಿನವರೆಗೆ. ಅದಕ್ಕೂ ಮೀರಿದರೆ ‘ಬಹುತೇಕ ಕಡೆ’. ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ. ಹಳದಿ ಬಣ್ಣ ಗಮನವಿರಲಿ ಎನ್ನುತ್ತದೆ, ಕಿತ್ತಳೆ ಸಿದ್ಧರಾಗಿ ಎನ್ನುತ್ತದೆ, ಕೆಂಪು ಕೂಡಲೇ ಕ್ರಮ ಕೈಗೊಳ್ಳಿ ಎನ್ನುತ್ತದೆ. ವರದಿ ಇಷ್ಟು ಹೇಳಬಲ್ಲದು. ನಮ್ಮ ಕಾಗದವನ್ನು ಅಟ್ಟಕ್ಕೆ ಏರಿಸಬೇಕೆ ಎಂದು ಅದು ಹೇಳಲಾರದು. ಅದು ಅಂಗಡಿಯವರ ಲೆಕ್ಕ.

ಆ ಲೆಕ್ಕವನ್ನು ಮಗಳು ಹೀಗೆ ಬರೆದಳು. ನೆಲದ ಮೇಲಿನ ರೀಮುಗಳನ್ನು ಎತ್ತಿಡಲು ಇಬ್ಬರು ಆಳಿಗೆ 600 ರೂಪಾಯಿ. ಎತ್ತಿಡದೆ ನೀರು ನುಗ್ಗಿದರೆ ನಷ್ಟ 40,000. ಕಿತ್ತಳೆ ಎಚ್ಚರಿಕೆಯ 20 ದಿನಗಳಲ್ಲಿ ಒಂದು ದಿನ ನೀರು ಒಳಗೆ ಬರುತ್ತದೆ ಎಂದಿಟ್ಟುಕೊಳ್ಳೋಣ. 40,000ದ ಇಪ್ಪತ್ತರಲ್ಲಿ ಒಂದು ಪಾಲು 2,000. ಅದು 600ಕ್ಕಿಂತ ಹೆಚ್ಚು, ಎತ್ತಿಡಬೇಕು. ಹಳದಿ ಎಚ್ಚರಿಕೆಯ ದಿನಗಳಲ್ಲಿ ಇನ್ನೂರಕ್ಕೆ ಒಂದು ಎಂದುಕೊಂಡರೆ 200 ರೂಪಾಯಿ. ಅದು 600ಕ್ಕಿಂತ ಕಡಿಮೆ, ಬೇಡ.

‘ಹತ್ತೊಂಬತ್ತು ದಿನ ಸುಮ್ಮನೆ ಎತ್ತಿ ಇಳಿಸುವುದೇ?’ ಎಂದು ಅಪ್ಪ ರೇಗಿದರು. ಹೌದು, ಸುಮ್ಮನೆ. ಇಪ್ಪತ್ತು ಸಲದ ಖರ್ಚು 12,000, ಉಳಿಯುವುದು 40,000. ಮಳೆ ಬಾರದ ದಿನ ವರದಿಯನ್ನು ಬಯ್ಯುವವರು ಮರೆಯುವುದು ಇದನ್ನೇ. ಅದೇ ವರದಿ, ಅದೇ ಸಂಭವ, ಆದರೆ ಪಕ್ಕದ ಸ್ಟೀಲ್ ಪಾತ್ರೆ ಅಂಗಡಿಯವರಿಗೆ ಲೆಕ್ಕ ಬೇರೆ. ಪಾತ್ರೆ ನೆನೆದರೆ ಒರೆಸಿಟ್ಟರಾಯಿತು. ಅವರು ಕಿತ್ತಳೆಗೂ ಏಳಬೇಕಾಗಿಲ್ಲ. ಈ ಲೆಕ್ಕದ ನಂತರ ನಮ್ಮವರು 18,000 ಖರ್ಚು ಮಾಡಿ ಎರಡು ಅಡಿ ಎತ್ತರದ ಕಲ್ಲುಚಪ್ಪಡಿಯ ಕಟ್ಟೆ ಹಾಕಿಸಿದರು. ವರ್ಷಕ್ಕೆ ಐದರಲ್ಲಿ ಒಂದು ಸಂಭವದ 40,000 ಎಂದರೆ ಸರಾಸರಿ 8,000. ಎರಡೂಕಾಲು ವರ್ಷಕ್ಕೆ ಕಟ್ಟೆಯ ದುಡ್ಡು ಹುಟ್ಟಿತು.

ಇದೇ ಲೆಕ್ಕವನ್ನು ದೊಡ್ಡವರು ದೊಡ್ಡದಾಗಿ ಮಾಡುತ್ತಾರೆ, ಅಥವಾ ಮಾಡಬೇಕಿತ್ತು. 2022ರ ಆಗಸ್ಟ್ 30ರಂದು ನಗರದ ಪೂರ್ವಕ್ಕಿರುವ ಹೊರವರ್ತುಲ ರಸ್ತೆ ಮುಳುಗಿ ನೌಕರರು ಗಂಟೆಗಟ್ಟಲೆ ರಸ್ತೆಯಲ್ಲೇ ಉಳಿದಾಗ, ಆ ಒಂದು ದಿನದ ನಷ್ಟ 225 ಕೋಟಿ ಎಂದು ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಬರೆಯಿತು. ಕೆರೆಯ ಅಂಗಳ ಯಾವುದು, ಕೋಡಿಯ ನೀರು ಎಲ್ಲಿ ಹರಿಯುತ್ತಿತ್ತು ಎಂದು ಕಟ್ಟಡ ಕಟ್ಟುವ ಮೊದಲು ಊರಿನ ಮುದುಕರೊಬ್ಬರನ್ನು ಕೇಳಿದ್ದರೆ ಚಹಾದ ಖರ್ಚಿನಲ್ಲಿ ಮುಗಿಯುತ್ತಿತ್ತು. ಇರಲಿ.

ನಮ್ಮಲ್ಲಿ ಈ ವಿದ್ಯೆಯನ್ನು ನಿಜವಾಗಿ ಅರಗಿಸಿಕೊಂಡವರು ಕಾಫಿ ಬೆಳೆಗಾರರು ಎಂದು ನನ್ನ ಅಭಿಪ್ರಾಯ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಬೇಸಿಗೆಯ ಆರಂಭದಲ್ಲಿ ಒಂದು ಹದವಾದ ಮಳೆ ಬೀಳಬೇಕು. ಅದು ಹೂಮಳೆ. ರೊಬಸ್ಟಾಗೆ ಸುಮಾರು ಒಂದು ಅಂಗುಲ ಬಿದ್ದರೆ ಒಂದು ವಾರ ಹತ್ತು ದಿನದಲ್ಲಿ ತೋಟ ಬೆಳ್ಳಗೆ ಅರಳುತ್ತದೆ. ಅದರ ಹಿಂದೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ. ಹೂಮಳೆ ತಡವಾದರೆ ಬೆಳೆಗಾರನ ಮುಂದೆ ಎರಡು ದಾರಿ: ಡೀಸೆಲ್ ಸುರಿದು, ಕೆರೆಯ ನೀರು ಎತ್ತಿ ಸ್ಪ್ರಿಂಕ್ಲರ್ ಹಾರಿಸುವುದು, ಇಲ್ಲವೇ ಕಾಯುವುದು. ಹಾರಿಸಿದ ಮರುದಿನವೇ ಮಳೆ ಬಂದರೆ ಡೀಸೆಲ್ ದಂಡ. ಕಾದು ಮಳೆ ಬಾರದಿದ್ದರೆ ವರ್ಷದ ಬೆಳೆಯೇ ದಂಡ. 600 ಮತ್ತು 40,000ದ ಅದೇ ಲೆಕ್ಕ, ಕೊನೆಗೆ ಸೊನ್ನೆ ಹೆಚ್ಚು.

ಈ ಅಪಾಯಕ್ಕೆ ವಿಮೆಯೂ ಬಂತು. 2007ರಲ್ಲಿ ಕಾಫಿ ಮಂಡಳಿ ಹಾಗೂ ಕೃಷಿ ವಿಮಾ ಕಂಪನಿ ಸೇರಿ ಕಾಫಿಗೆ ಮಳೆ ವಿಮೆ ತಂದವು. ಹವಾಮಾನ ಆಧಾರಿತ ಬೆಳೆವಿಮೆಯ ಪ್ರಯೋಗವೂ ಅದೇ ವರ್ಷದ ಮುಂಗಾರಿನಲ್ಲಿ ನಮ್ಮ ಕರ್ನಾಟಕದಲ್ಲೇ ಶುರುವಾಯಿತು. ಇದರ ವೈಶಿಷ್ಟ್ಯವೆಂದರೆ ಹೊಲಕ್ಕೆ ಬಂದು ಯಾರೂ ಬೆಳೆ ನೋಡುವುದಿಲ್ಲ. ಮಳೆಮಾಪಕ ತೋರಿಸಿದ ಅಂಕಿ ನಿಗದಿತ ಮಿತಿಗಿಂತ ಕೆಳಗಿಳಿದರೆ ಅಥವಾ ಮೇಲೇರಿದರೆ ಪರಿಹಾರ. ಅಮೆರಿಕದಲ್ಲಿ 1997ರಿಂದ ಇಂಧನ ಕಂಪನಿಗಳು ಚಳಿ ಕಡಿಮೆಯಾದರೆ ಇಷ್ಟು ದುಡ್ಡು ಎಂದು ಪರಸ್ಪರ ಒಪ್ಪಂದ ಮಾಡಿಕೊಳ್ಳುತ್ತಿದ್ದುದೂ ಇದೇ ಜಾತಿಯದು. ಜಗಳವಿಲ್ಲ, ಲಂಚವಿಲ್ಲ, ಬೇಗ ಮುಗಿಯುತ್ತದೆ.

ಆದರೆ ಮಳೆಮಾಪಕ ಇರುವುದು ಒಂದು ಕಡೆ, ತೋಟ ಇರುವುದು ಇನ್ನೊಂದು ಕಡೆ! ಕೆಂಗೇರಿಯಲ್ಲಿ ಕೊಡೆ ಹರಿದುಹೋಗುವ ಮಳೆ, ರಾಜಾಜಿನಗರದಲ್ಲಿ ಒಣ ಬಿಸಿಲು ಎಂಬುದನ್ನು ನಾವೇ ಎಷ್ಟು ಸಲ ಕಂಡಿಲ್ಲ? ಮಾಪಕದಲ್ಲಿ ಮಳೆ ಬಿದ್ದು ತೋಟದಲ್ಲಿ ಬೀಳದಿದ್ದರೆ ರೈತನಿಗೆ ನಷ್ಟವೂ ಆಯಿತು, ಪರಿಹಾರವೂ ಇಲ್ಲ. ಮಾಪಕವೇ ಕೆಟ್ಟು ಕುಳಿತರೆ ಇನ್ನೂ ಕಷ್ಟ. ಅಡಿಕೆ ಬೆಳೆಗಾರರ ದೂರುಗಳು ಈ ಬಗೆಯವೇ. 1988ರಲ್ಲಿ ಬರ ಪರಿವೀಕ್ಷಣೆಗೆಂದು ಆರಂಭವಾದ ಸಣ್ಣ ಘಟಕವೇ ಇಂದು ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿ ಮಟ್ಟದವರೆಗೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಾಪಕಗಳನ್ನು ಇಟ್ಟಿದೆ. ಅಷ್ಟಿದ್ದರೂ ಮೋಡ ಅದಕ್ಕಿಂತ ಚಂಚಲ. ನಮ್ಮ ವಿದ್ಯಾರ್ಥಿನಿ ಇದಕ್ಕೆಂದೇ ಶಾಲೆಯ ತಾರಸಿಯಲ್ಲಿ ಅಡ್ಡಲಾಗಿ ಕತ್ತರಿಸಿದ ನೀರಿನ ಬಾಟಲಿಯ ಮಳೆಮಾಪಕ ಇಟ್ಟು, ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾಳೆ. ಇಲಾಖೆಯವರು ಅಳೆಯುವುದೂ ಆ ಹೊತ್ತಿಗೇ.

ಪೋಷಕರಿಗೆ ಒಂದು ಮಾತು. ವಿಮಾಗಣಿತ, ಸಂಖ್ಯಾಶಾಸ್ತ್ರ, ಹವಾಮಾನ ವಿಜ್ಞಾನ ಇವು ಮೂರೂ ಕೂಡುವ ಈ ಜಾಗದಲ್ಲಿ ಕೆಲಸ ಮಾಡುವವರು ಬ್ಯಾಂಕಿಗೂ ಬೇಕು, ವಿದ್ಯುತ್ ಕಂಪನಿಗೂ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾಯುಮಂಡಲ ಮತ್ತು ಸಾಗರ ವಿಜ್ಞಾನಕ್ಕೇ ಒಂದು ಕೇಂದ್ರವಿದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಹವಾಮಾನ ಕಲಿಯಬಹುದು. ಕಂಪ್ಯೂಟರ್ ಸೀಟು ಸಿಗಲಿಲ್ಲವೆಂದು ಮನೆಯಲ್ಲಿ ಸೂತಕ ಹಿಡಿಯುವ ಮೊದಲು ಒಮ್ಮೆ ವಿಚಾರಿಸಿ.

ಮತ್ತೆ ಅಂಗಡಿಗೆ. ನೋಟ್‌ಪುಸ್ತಕದ ವ್ಯಾಪಾರಕ್ಕೆ ಶಾಲೆ ತೆರೆಯುವ ಕಾಲವೇ ಸುಗ್ಗಿ. ಮೇ ತಿಂಗಳಲ್ಲಿ ಸಾಲ ತಂದು ಮೂರು ಲಕ್ಷದ ಕಾಗದ ತುಂಬುತ್ತಾರೆ. ಗುಡುಗುಮಳೆಯ ಕಾಲವೂ ಅದೇ. ಅಷ್ಟು ಕಾಗದ ಕಟ್ಟೆಯ ಮೇಲೆ ಹಿಡಿಸದು. ಕಮಲಾನಗರದಲ್ಲಿ ಒಂದು ಮಹಡಿಯ ಕೋಣೆ ಎರಡು ತಿಂಗಳಿಗೆ 12,000 ಬಾಡಿಗೆಗೆ ಸಿಗುತ್ತದೆ. ಮಗಳು ಲೆಕ್ಕ ಹಾಕಿದಳು: ಹದಿನೈದು ವರ್ಷದಲ್ಲಿ ಮೇ ತಿಂಗಳಲ್ಲಿ ನೀರು ನುಗ್ಗಿದ್ದು ಒಂದು ಸಲ. ನುಗ್ಗಿದರೆ ಕೆಳಗಿನ ಸಾಲುಗಳ ನಷ್ಟ 1,20,000. ಹದಿನೈದರಲ್ಲಿ ಒಂದು ಪಾಲು 8,000. ಬಾಡಿಗೆ ಅದಕ್ಕಿಂತ ಹೆಚ್ಚು, ಬೇಡ.

ಅಪ್ಪ ಕೋಣೆ ಹಿಡಿದರು. ಅವಳಿಗೆ ಕೋಪ ಬಂತು, ನನ್ನ ಬಳಿ ದೂರು ತಂದಳು. ‘ನೀನು ಗುಣಿಸಿದ್ದು ಸರಿ’ ಎಂದೆ. ದೊಡ್ಡ ಕಂಪನಿಯೊಂದು ಇಂಥ ನೂರು ಅಂಗಡಿ ನಡೆಸುತ್ತಿದ್ದರೆ ಅವಳ ಉತ್ತರವೇ ಸರಿ. ಒಂದು ಕಡೆ ಮುಳುಗಿದ್ದನ್ನು ಉಳಿದವು ತುಂಬಿಕೊಡುತ್ತವೆ, ಸರಾಸರಿ ಅಲ್ಲಿ ನಿಜವಾಗುತ್ತದೆ. ಇವರಿಗಿರುವುದು ಒಂದೇ ಅಂಗಡಿ, ಅದೂ ಸಾಲದ ಕಾಗದ. ಆ ಹದಿನೈದನೆಯ ವರ್ಷ ಬಂದರೆ ಸರಾಸರಿ ನೋಡಲು ಅಂಗಡಿಯೇ ಉಳಿಯುವುದಿಲ್ಲ. ಜನ ಸರಾಸರಿ ನಷ್ಟಕ್ಕಿಂತ ಹೆಚ್ಚಿನ ಕಂತು ಕಟ್ಟಿ ವಿಮೆ ಮಾಡಿಸುವುದೂ, ವಿಮಾ ಕಂಪನಿ ಬದುಕುವುದೂ ಇದರಿಂದಲೇ. ಅಪ್ಪನನ್ನು ಕೇಳಿದರೆ ಅವರು ಇಷ್ಟುದ್ದ ಹೇಳಲಿಲ್ಲ. ‘ಆ ನಾಲ್ಕು ಸಾವಿರ ನನ್ನ ನಿದ್ದೆಯ ಬಾಬ್ತು, ಮೇಷ್ಟ್ರೆ’ ಎಂದರು.

ಮಗಳು ತನ್ನ ಪುಸ್ತಕದಲ್ಲಿ ಆ ಬಾಬ್ತನ್ನು ಯಾವ ಕಲಮಿನಲ್ಲಿ ಬರೆಯುವುದೆಂದು ಇನ್ನೂ ತೀರ್ಮಾನಿಸಿಲ್ಲ. ಕಾಗದ ಮಾತ್ರ ಮೇ ಮೊದಲ ವಾರ ಕಮಲಾನಗರದ ಮಹಡಿ ಹತ್ತುತ್ತದೆ, ಜೂನ್ ಮುಗಿಯುವಾಗ ಮಾರಾಟವಾಗಿ ಉಳಿದದ್ದು ಕಟ್ಟೆಯ ಮೇಲಕ್ಕೆ ಬರುತ್ತದೆ.